ಒಂದರಿಂದ ಆರಕ್ಕೆ ಏರಿ ಇಳಿಯುವ ಸಂಖ್ಯೆ

ಕುಮಾರಪಟ್ಟಣದ ಒಂದು ಕಿರಾಣಿ ಅಂಗಡಿ. ಕಾರ್ಖಾನೆಯ ಪಾಳಿ ಬಿಡಲು ಇನ್ನೂ ಸ್ವಲ್ಪ ಹೊತ್ತಿತ್ತು, ಅಂಗಡಿಯಲ್ಲಿ ಗದ್ದಲವಿರಲಿಲ್ಲ. ಸಕ್ಕರೆ, ಚಹಾಪುಡಿ ಒಯ್ಯಲು ಬಂದಿದ್ದ ಎಂಟನೇ ಇಯತ್ತೆಯ ಹುಡುಗನೊಬ್ಬ ಗಲ್ಲಾದ ಪಕ್ಕದಲ್ಲಿದ್ದ ಕ್ಯಾಲ್ಕುಲೇಟರನ್ನು ಎಳೆದುಕೊಂಡ.

"ಕಾಕಾ, ಒಂದರಿಂದ ಒಂಬತ್ತರೊಳಗ ನಿಮಗ ಯಾವ ಅಂಕಿ ಸೇರತೈತಿ, ಹೇಳ್ರಿ."

"ಐದು ಅನ್ನು," ಎಂದರು ಅಂಗಡಿಯವರು, ಚೀಟಿ ಬರೆಯುತ್ತಲೇ.

ಹುಡುಗ 12345679 ಎಂದು ಒತ್ತಿದ. ಎಂಟನ್ನು ಬೇಕೆಂದೇ ಬಿಟ್ಟಿದ್ದ. ಅದನ್ನು 45ರಿಂದ ಗುಣಿಸಿದ. ಪರದೆಯ ಮೇಲೆ 555555555 ಬಂತು. ಅಂಗಡಿಯವರು ಚೀಟಿ ಬಿಟ್ಟು ತಲೆಯೆತ್ತಿ ನೋಡಿದರು.

"ಎಲ್ಲಿ ಕಲ್ತ್ಯೋ ತಮ್ಮಾ ಇದನ್ನ?"

"ಮೊಬೈಲ್‌ನ್ಯಾಗ ಬಂದಿತ್ರಿ. ಹೊರದೇಶದಾವ್ರು ಯಾರೋ ಕಂಡುಹಿಡದಾರಂತ."

ಪಕ್ಕದಲ್ಲೇ ನಿಂತಿದ್ದ ನನಗೆ ಆ ಕೊನೆಯ ಮಾತು ಮನಸ್ಸಿನಲ್ಲಿ ಉಳಿಯಿತು. ಹುಡುಗನ ಆಟದ ಬುಡದಲ್ಲಿರುವ ಲೆಕ್ಕ ಇಷ್ಟೇ: 12345679 × 9 = 111111111. ಐದು ಬೇಕೆಂದರೆ ಒಂಬತ್ತೈದಲೆ 45ರಿಂದ, ಏಳು ಬೇಕೆಂದರೆ ಒಂಬತ್ತೇಳಲೆ 63ರಿಂದ ಗುಣಿಸಬೇಕು. ಈ ಗುಣಾಕಾರ ಸುಮಾರು ಕ್ರಿ.ಶ. 850ರ ಹೊತ್ತಿಗೆ ರಚನೆಯಾದ ಒಂದು ಪಠ್ಯಪುಸ್ತಕದಲ್ಲಿದೆ. ಪುಸ್ತಕದ ಹೆಸರು 'ಗಣಿತಸಾರಸಂಗ್ರಹ'. ಬರೆದವರು ಮಹಾವೀರಾಚಾರ್ಯ. ಅದರ ಆರಂಭದಲ್ಲಿ ಹೊಗಳಿಸಿಕೊಂಡ ಅರಸ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ.

ನೃಪತುಂಗನ ಹೆಸರು ಕೇಳಿದ ಕೂಡಲೇ ಸಾಹಿತ್ಯದ ವಿದ್ಯಾರ್ಥಿಗಳಿಗೆ ನೆನಪಾಗುವುದು 'ಕವಿರಾಜಮಾರ್ಗ'. ಕನ್ನಡದಲ್ಲಿ ಇಂದು ನಮಗೆ ಸಿಕ್ಕಿರುವ ಮೊದಲ ಗ್ರಂಥ, ಶ್ರೀವಿಜಯನ ಕೃತಿ. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡನ್ನು ಅದು ಗುರುತಿಸಿದ ಬಗೆ, ಪುಲಿಗೆರೆ, ಕಿಸುವೊಳಲು, ಕೊಪಣ, ಒಂಕುಂದಗಳ ನಡುವೆ ಕನ್ನಡದ ತಿರುಳಿದೆ ಎಂದ ಬಗೆ ನಮಗೆಲ್ಲ ಬಾಯಿಪಾಠ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ, ನಮ್ಮ ಹಾವೇರಿ ಜಿಲ್ಲೆಯ ನೆರೆಯ ಊರು. ಆದರೆ ಅದೇ ಅರಸನ ಆಳ್ವಿಕೆಯಲ್ಲಿ, ಬಹುಶಃ ಅವೇ ದಶಕಗಳಲ್ಲಿ, ಭಾರತೀಯ ಗಣಿತದ ಒಂದು ದೊಡ್ಡ ಗ್ರಂಥವೂ ಹುಟ್ಟಿತು ಎಂಬುದು ನಮ್ಮ ನಾಲಗೆಯ ತುದಿಯಲ್ಲಿಲ್ಲ. ಒಂದು ಕೃತಿ ಮನೆಮಾತಾಯಿತು, ಇನ್ನೊಂದು ಪಂಡಿತರ ಕಪಾಟಿನಲ್ಲಿ ಉಳಿಯಿತು. ಆ ಎರಡನೆಯ ಪುಸ್ತಕದ ಒಂದು ಸಂಖ್ಯೆಯನ್ನು ಹಿಡಿದು ಅದರ ಒಳಗನ್ನು ಇಣುಕಿ ನೋಡುವುದು ಈ ಬರಹದ ಉದ್ದೇಶ. ಗಣಿತ ಬಿಟ್ಟು ಬಹಳ ದಿನವಾಗಿದ್ದರೂ ಹೆದರಬೇಡಿ. ಕೂಡುವುದು, ಗುಣಿಸುವುದು ಗೊತ್ತಿದ್ದರೆ ಸಾಕು.

ಮೊದಲು ನಾಡಿನ ಮಾತು. ಅಮೋಘವರ್ಷ ಕ್ರಿ.ಶ. 814ರಿಂದ 878ರವರೆಗೆ ಆಳಿದ. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವನ ದಂಡನಾಯಕ ಬಂಕೇಯನ ಹೆಸರನ್ನು ಹೊತ್ತ ಊರು ಹಾವೇರಿ ಜಿಲ್ಲೆಯಲ್ಲೇ ಇದೆ, ಬಂಕಾಪುರ. ಅಮೋಘವರ್ಷನ ಗುರುವೆಂದು ಹೆಸರಾದ ಜಿನಸೇನರ ಶಿಷ್ಯ ಗುಣಭದ್ರರ 'ಉತ್ತರಪುರಾಣ'ಕ್ಕೆ ಕ್ರಿ.ಶ. 898ರಲ್ಲಿ ಪೂಜೆ ಸಂದದ್ದು ಇದೇ ಬಂಕಾಪುರದಲ್ಲಿ. ಆಗ ಅಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದವನು ಬಂಕೇಯನ ಮಗ ಲೋಕಾದಿತ್ಯ. ಹಾಗಾಗಿ ಮಹಾವೀರಾಚಾರ್ಯರ ಕಾಲದ ಜೈನ ವಿದ್ವತ್ತಿನ ಗಾಳಿ ವರದೆ, ತುಂಗಭದ್ರೆಯರ ಈ ಬಯಲಿಗೂ ಬೀಸುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಆ ಕಾಲದಲ್ಲಿ ನಾಡುಗಳ ಹೆಸರಿನಲ್ಲೇ ಸಂಖ್ಯೆಗಳಿದ್ದವು. ಬನವಾಸಿ 12000, ಪುಲಿಗೆರೆ 300, ಬೆಳ್ವೊಲ 300, ನೊಳಂಬವಾಡಿ 32000, ಗಂಗವಾಡಿ 96000. ಶಾಸನ ಓದುವವರಿಗೆ ಇವು ದಿನಬಳಕೆಯ ಮಾತು. ಊರಿನ ಹೆಸರು ಹೇಳುವಾಗಲೂ ಲೆಕ್ಕ ಹೇಳುತ್ತಿದ್ದ ನಾಡು ನಮ್ಮದು.

ಗಣಿತಸಾರಸಂಗ್ರಹ ಖಗೋಳಶಾಸ್ತ್ರದ ಗ್ರಂಥವಲ್ಲ. ಇದನ್ನು ಒತ್ತಿ ಹೇಳಬೇಕು. ಅದಕ್ಕೆ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರಂಥ ಮಹನೀಯರು ಗ್ರಹಗತಿಯ ಲೆಕ್ಕಕ್ಕೆ ಬೇಕಾದ ಅಧ್ಯಾಯವಾಗಿ ಗಣಿತವನ್ನು ಬರೆದರು. ಮಹಾವೀರರು ಗಣಿತವನ್ನೇ ವಿಷಯವಾಗಿಟ್ಟುಕೊಂಡು ಒಂಬತ್ತು ಅಧ್ಯಾಯಗಳ, ಸಾವಿರಕ್ಕೂ ಹೆಚ್ಚು ಶ್ಲೋಕಗಳ ಇಡೀ ಪುಸ್ತಕ ಕಟ್ಟಿದರು. ಆರಂಭದಲ್ಲಿ ಗಣಿತ ಎಲ್ಲೆಲ್ಲಿ ಬೇಕು ಎಂದು ಒಂದು ಪಟ್ಟಿ ಕೊಡುತ್ತಾರೆ. ಲೌಕಿಕ, ವೈದಿಕ ವ್ಯವಹಾರಗಳಿಗೆ ಮಾತ್ರವಲ್ಲ, ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತುವಿದ್ಯೆಗೆ ಅದು ಬೇಕು. ಛಂದಸ್ಸು, ಅಲಂಕಾರ, ಕಾವ್ಯ, ತರ್ಕ, ವ್ಯಾಕರಣಕ್ಕೂ ಬೇಕು. ಕವಿತೆಯನ್ನೂ ಲೆಕ್ಕವನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ಅವರಿಗೆ ಸಹಜವಾಗಿತ್ತು.

ಎರಡನೆಯ ಅಧ್ಯಾಯದಲ್ಲಿ ಗುಣಾಕಾರದ ಪಾಠ. ಸುಲಭದ ಲೆಕ್ಕದಿಂದ ಶುರು. ಒಂದೊಂದು ಬಸದಿಗೆ 8 ತಾವರೆಯಂತೆ 144 ಬಸದಿಗಳಿಗೆ ಎಷ್ಟು ತಾವರೆ? ಉತ್ತರ 1152. ಸ್ವಲ್ಪ ಮುಂದೆ, ಒಂದು ಬಸದಿಗೆ 139 ಪುಷ್ಯರಾಗದಂತೆ 109 ಬಸದಿಗಳಿಗೆ ಎಷ್ಟು? ಗುಣಿಸಿದರೆ 15151. ಅಲ್ಲೊಂದು ಕ್ಷಣ ವಿದ್ಯಾರ್ಥಿ ನಿಲ್ಲಬೇಕು. ಎಡದಿಂದ ಓದಿದರೂ ಬಲದಿಂದ ಓದಿದರೂ ಉತ್ತರ ಒಂದೇ! ನಮ್ಮ 'ವಿಕಟಕವಿ'ಯ ಹಾಗೆ, 'ಜಲಜ'ದ ಹಾಗೆ. ಅಲ್ಲಿಂದ ಮುಂದೆ ಆಚಾರ್ಯರು ಇಂಥವನ್ನು ಸಾಲಾಗಿ ಕೊಡುತ್ತಾರೆ:

152207 × 73 = 11111111
14287143 × 7 = 100010001
142857143 × 7 = 1000000001
11011011 × 91 = 1002002001
12345679 × 9 = 111111111
27994681 × 441 = 12345654321

ಇಂಥ ಉತ್ತರಗಳನ್ನು ಅವರು ಕಂಠಿಕೆ ಎನ್ನುತ್ತಾರೆ, ಅಂದರೆ ಕೊರಳಿನ ಹಾರ. ಅರಸರು ಧರಿಸಲು ಯೋಗ್ಯವಾದ ಹಾರ ಎಂಬ ಹೊಗಳಿಕೆಯೂ ಬರುತ್ತದೆ. ಮುತ್ತು ಪೋಣಿಸಿದ ಸರಕ್ಕೆ ನಡುವೆ ಪದಕ, ಎರಡು ಬದಿಯಲ್ಲಿ ಸಮಸಮ. ಆ ಚಿತ್ರವನ್ನು ನೆನಪಿನಲ್ಲಿಟ್ಟು ಪಟ್ಟಿಯ ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. 12345654321. ಒಂದರಿಂದ ತೊಡಗಿ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವುದು ಎಂದೇ ಮಹಾವೀರರು ಅದನ್ನು ವರ್ಣಿಸುತ್ತಾರೆ.

ಇಂದು ಇದನ್ನು ಓದಬೇಕೆಂದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎನ್ನುತ್ತೇವೆ. ಹೀಗೆ ಹೇಳಿದಾಗ ಹಾರ ಹರಿದು ಮುತ್ತು ಚೆಲ್ಲಿದಂತಾಗುತ್ತದೆ. ಮಹಾವೀರರ ವಿದ್ಯಾರ್ಥಿಗೆ ಆ ಕಷ್ಟವಿರಲಿಲ್ಲ. ಪ್ರತಿಯೊಂದು ಸ್ಥಾನಕ್ಕೂ ಬೇರೆ ಬೇರೆ ಹೆಸರು ಕೊಟ್ಟು 24 ಸ್ಥಾನಗಳವರೆಗೆ ಅವರು ಪಟ್ಟಿ ಮಾಡಿದ್ದರು. ಏಕ, ದಶ, ಶತ, ಸಹಸ್ರದಿಂದ ಹೊರಟು ಲಕ್ಷ, ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ 24ನೆಯ ಸ್ಥಾನ ಮಹಾಕ್ಷೋಭ. ಒಂದರ ಮುಂದೆ 23 ಸೊನ್ನೆ ಇಟ್ಟರೆ ಅಷ್ಟಾಗುತ್ತದೆ. ಅವರ ಹೆಸರುಗಳಲ್ಲಿ ನಮ್ಮ ಸಂಖ್ಯೆಯನ್ನು ಓದಿ: ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು. ಈಗ ಹಾರ ಮತ್ತೆ ಕೂಡಿಕೊಂಡಿತು. ನಟ್ಟನಡುವಿನ ಪದಕ ಲಕ್ಷದ ಸ್ಥಾನದಲ್ಲಿದೆ.

ಈ ಸಂಖ್ಯೆ ಎಲ್ಲಿಂದ ಬಂತು? ಅದರ ಗುಟ್ಟು 111111 ಎಂಬ ಇನ್ನೊಂದು ಸಂಖ್ಯೆಯಲ್ಲಿದೆ. ಅದನ್ನು ಅದರಿಂದಲೇ ಗುಣಿಸಿ ನೋಡಿ. ಶಾಲೆಯಲ್ಲಿ ಕಲಿತ ಹಾಗೆ ಆರು ಸಾಲು ಬರೆಯಬೇಕು, ಪ್ರತಿ ಸಾಲೂ 111111, ಒಂದೊಂದು ಮನೆ ಎಡಕ್ಕೆ ಸರಿಯುತ್ತ ಹೋಗಬೇಕು. ಈಗ ಕಂಬಸಾಲಿನಲ್ಲಿ ಕೂಡಿ. ಬಲತುದಿಯ ಕಂಬದಲ್ಲಿ ಒಂದೇ ಒಂದು 1, ಅದರ ಎಡಕ್ಕೆ ಎರಡು, ಆಮೇಲೆ ಮೂರು, ಹೀಗೆ ನಡುವಿನ ಕಂಬದಲ್ಲಿ ಆರು. ಅಲ್ಲಿಂದ ಮತ್ತೆ ಐದು, ನಾಲ್ಕು, ಮೂರು, ಎರಡು, ಒಂದು. ಎಲ್ಲೂ ದಶಕ ಮೀರದೆ ಇರುವುದರಿಂದ ಕೈಯಲ್ಲಿ ಉಳಿಯುವುದೇನೂ ಇಲ್ಲ. ಹಾಗಾಗಿ ಉತ್ತರ ನೇರವಾಗಿ 12345654321. ಅಂದರೆ ಅದು 111111ರ ವರ್ಗ.

ಒಂದುಗಳ ಸಂಖ್ಯೆ ಒಂಬತ್ತರವರೆಗೆ ಹೋದರೂ ಇದೇ ಸೊಗಸು. 111111111ರ ವರ್ಗ 12345678987654321. ಹತ್ತು ಒಂದುಗಳನ್ನಿಟ್ಟರೆ ಮಾತ್ರ ಹಾರ ಮುರಿಯುತ್ತದೆ. ನಡುವಿನ ಕಂಬದಲ್ಲಿ ಹತ್ತು ಬಂದು ಸೊನ್ನೆ ಬರೆದು ಒಂದನ್ನು ಎಡಕ್ಕೆ ದಾಟಿಸಬೇಕು. ಎಡಗಡೆಯ 9 ಹತ್ತಾಗುತ್ತದೆ, ಅಲ್ಲಿಯೂ ಸೊನ್ನೆ. ಅದರಾಚೆಯ 8 ಒಂಬತ್ತಾಗುತ್ತದೆ. ಉತ್ತರ 1234567900987654321. ಎಡಭಾಗವನ್ನು ಗಮನಿಸಿ, ಎಂಟು ಮಾಯವಾಗಿದೆ! ಕುಮಾರಪಟ್ಟಣದ ಹುಡುಗ ಕ್ಯಾಲ್ಕುಲೇಟರಿನಲ್ಲಿ ಬಿಟ್ಟಿದ್ದ ಅದೇ ಎಂಟು.

ಆ ಎಂಟು ಏಕಿಲ್ಲ ಎಂಬುದನ್ನು ಇನ್ನೊಂದು ದಾರಿಯಿಂದಲೂ ಕಾಣಬಹುದು. ಒಂಬತ್ತು ಒಂದುಗಳ 111111111ನ್ನು 9ರಿಂದ ಭಾಗಿಸುತ್ತ ಹೋಗಿ. 11ರಲ್ಲಿ 9 ಒಂದು ಸಲ, ಶೇಷ 2. ಮುಂದಿನ 1 ಇಳಿಸಿದರೆ 21, ಎರಡು ಸಲ, ಶೇಷ 3. ಆಮೇಲೆ 31, ಮೂರು ಸಲ, ಶೇಷ 4. ಹೀಗೆ ಭಾಗಲಬ್ಧವೂ ಶೇಷವೂ ಕೈಕೈ ಹಿಡಿದು ಏರುತ್ತವೆ. 71ಕ್ಕೆ ಬಂದಾಗ ಏಳು ಸಲ, ಶೇಷ 8. ಕೊನೆಯ 1 ಇಳಿಸಿದರೆ 81. ಅದರಲ್ಲಿ ಎಂಟು ಸಲವಲ್ಲ, ಸರಿಯಾಗಿ ಒಂಬತ್ತು ಸಲ. ಶೇಷ ಸೊನ್ನೆ. ಲೆಕ್ಕ ಅಲ್ಲಿಗೆ ಮುಗಿಯಬೇಕಾಗಿದ್ದರಿಂದ ಏಳಾದ ಮೇಲೆ ನೇರ ಒಂಬತ್ತು ಬಂತು. ಮೊಬೈಲಿನ ಚಮತ್ಕಾರದ ಹಿಂದೆ ಇರುವುದು ಪ್ರಾಥಮಿಕ ಶಾಲೆಯ ಭಾಗಾಕಾರ.

ಇಷ್ಟು ಹೇಳಿದರೂ ಮುಖ್ಯ ಪ್ರಶ್ನೆ ಉಳಿಯಿತು. 111111ರ ವರ್ಗ ಬೇಕಿದ್ದರೆ ಆಚಾರ್ಯರು 111111ನ್ನು ಅದರಿಂದಲೇ ಗುಣಿಸಿ ಎನ್ನಬಹುದಿತ್ತು. ಹಾಗೆ ಕೇಳಿದ್ದರೆ ಉತ್ತರದ ಅಂದ ಪ್ರಶ್ನೆಯಲ್ಲೇ ಕಾಣಿಸಿಬಿಡುತ್ತಿತ್ತು. ಅವರು ಕೇಳಿದ್ದು 27994681 × 441. ಇವೆರಡರಲ್ಲಿ ಯಾವುದಕ್ಕೂ ಹಾರದ ಗುರುತೇ ಇಲ್ಲ. ಆದರೆ 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111! ಹಾರವನ್ನು ಮೊದಲು ಕಟ್ಟಿ, ಆಮೇಲೆ ಅದನ್ನು ಎರಡು ಒರಟು ತುಂಡುಗಳಾಗಿ ಬಿಡಿಸಿ ವಿದ್ಯಾರ್ಥಿಯ ಕೈಗಿತ್ತಿದ್ದಾರೆ. ಶಿಷ್ಯನ ಕೆಲಸ ಗುಣಾಕಾರ. ಗುರುವಿನ ಕೆಲಸ ಅದಕ್ಕಿಂತ ಕಷ್ಟದ್ದು, ಅಪವರ್ತನ. ಒಂದು ದೊಡ್ಡ ಸಂಖ್ಯೆ ಯಾವ ಯಾವ ಚಿಕ್ಕ ಸಂಖ್ಯೆಗಳ ಗುಣಲಬ್ಧ ಎಂದು ಹುಡುಕುವುದು. ಗುಣಿಸುವುದು ಇಳಿಜಾರಿನ ನಡಿಗೆಯಾದರೆ ಅಪವರ್ತನ ಗುಡ್ಡ ಹತ್ತಿದಂತೆ. ಇಂದು ಬ್ಯಾಂಕಿನ ವ್ಯವಹಾರವನ್ನು ಗುಟ್ಟಾಗಿಡಲು ಬಳಸುವ ಆರ್‌ಎಸ್‌ಎ ವಿಧಾನದ ಭದ್ರತೆ ನಿಂತಿರುವುದೂ ಇದೇ ಕಷ್ಟದ ಮೇಲೆ.

111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಹೀಗಾಗಿ 12345654321ರಲ್ಲಿ ಈ ಐದೂ ಎರಡೆರಡು ಸಲ ಬರುತ್ತವೆ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243. ಇಷ್ಟೊಂದು ಬಾಗಿಲುಗಳಿರುವ ಮನೆ ಇದು. ಪಕ್ಕದ ಮನೆಗಳನ್ನು ನೋಡಿ. ಐದು ಒಂದುಗಳ 11111 ಒಡೆಯುವುದು 41 × 271 ಎಂದು ಮಾತ್ರ. ಏಳು ಒಂದುಗಳ 1111111 ಒಡೆಯುವುದು 239 × 4649 ಎಂದು ಮಾತ್ರ. ಅವುಗಳ ವರ್ಗವನ್ನು ಪಾಟಿಯ ಮೇಲೆ ಹಿಡಿಸುವ ಚಿಕ್ಕ ಗುಣಕದಿಂದ ಕೇಳುವುದು ಸುಲಭವಲ್ಲ. ಆರಕ್ಕೆ ಮಾತ್ರ 21ರಂಥ ಸಲೀಸಾದ ತುಂಡು ಸಿಗುತ್ತದೆ. ಹಾರ ಆರಕ್ಕೇ ಏರಿ ಇಳಿದದ್ದು ಆಕಸ್ಮಿಕವಲ್ಲ, ಆಯ್ಕೆ ಎಂದು ನನಗನ್ನಿಸುವುದು ಇದರಿಂದ.

ಉಳಿದ ಲೆಕ್ಕಗಳೂ ಇದೇ ಮಾತು ಹೇಳುತ್ತವೆ. 7, 11, 13ನ್ನು ಗುಣಿಸಿದರೆ 1001. ಆ ಹಿಡಿಕೆ ಆಚಾರ್ಯರಿಗೆ ಚೆನ್ನಾಗಿ ಗೊತ್ತಿತ್ತೆಂದು ಕಾಣುತ್ತದೆ. 142857ನ್ನು 7ರಿಂದ ಗುಣಿಸಿದರೆ 999999. ಅದರ ಮುಂದೆ 143 ಜೋಡಿಸಿ 142857143 ಮಾಡಿದರೆ, 143 × 7 = 1001 ಆದ್ದರಿಂದ 999999000ಕ್ಕೆ 1001 ಸೇರಿ 1000000001 ಆಗುತ್ತದೆ. ಎರಡು ತುದಿಯಲ್ಲಿ ಒಂದೊಂದು ಮುತ್ತು, ನಡುವೆ ಎಂಟು ಸೊನ್ನೆಗಳ ದಾರ. 11011011 × 91ರಲ್ಲಿಯೂ 1001 ಅಡಗಿದೆ. 91 ಎಂದರೆ 7 × 13, 11011011 ಎಂದರೆ 11 × 1001001. ಮೊದಲ ಹಾರ 15151ರದ್ದು ಬೇರೆ ಬಗೆ. 139, 109 ಎರಡೂ ಅವಿಭಾಜ್ಯಗಳು, ಆದ್ದರಿಂದ 15151ನ್ನು ಬಿಡಿಸಲು ಅದೊಂದೇ ದಾರಿ. ಆ ಒಂದು ದಾರಿಯನ್ನು ಹುಡುಕಿದವರ ತಾಳ್ಮೆಯನ್ನು ಊಹಿಸಿಕೊಳ್ಳಿ.

ಗುಣಿಸುವ ವಿಧಾನವನ್ನು ಮಹಾವೀರರು ವಿವರಿಸುವಾಗಲೂ ಅಪವರ್ತನ ಬರುತ್ತದೆ. ಗುಣ್ಯ, ಗುಣಕಗಳನ್ನು ಬಾಗಿಲ ಕದದ ಹಾಗೆ ಒಂದಕ್ಕೊಂದು ಹೊಂದಿಸಿಡಬೇಕು. ಈ ಪದ್ಧತಿಗೆ ಕವಾಟಸಂಧಿ ಎಂದು ಹೆಸರು. ಬೇಕಾದರೆ ಒಂದನ್ನು ಅದರ ಅಪವರ್ತನದಿಂದ ಭಾಗಿಸಿ, ಇನ್ನೊಂದನ್ನು ಅದರಿಂದಲೇ ಗುಣಿಸಿ ಹಗುರ ಮಾಡಿಕೊಳ್ಳಬಹುದು. ಹೀಗೆ 441ನ್ನು 21 × 21 ಎಂದು ಬಿಡಿಸಿಕೊಂಡರೆ, ಮೊದಲ ಸುತ್ತಿಗೆ 27994681 × 21 = 587888301. ಅಂದವೇನೂ ಕಾಣುವುದಿಲ್ಲ. ಎರಡನೆಯ ಸುತ್ತಿಗೆ ಇನ್ನೊಮ್ಮೆ 21ರಿಂದ ಗುಣಿಸಿದಾಗ ಥಟ್ಟನೆ 12345654321. ತಪ್ಪಿದ್ದರೆ ಹಾರ ಕೂಡುವುದಿಲ್ಲ. ಅಂದರೆ ಉತ್ತರ ತನ್ನನ್ನು ತಾನೇ ತಾಳೆ ನೋಡಿಕೊಳ್ಳುತ್ತದೆ, ಗುರುವಿನ ಬಳಿ ಓಡಬೇಕಾಗಿಲ್ಲ. ಅಲಂಕಾರಕ್ಕೆ ಇಲ್ಲಿ ಉಪಯೋಗವೂ ಇದೆ.

ಗುಣಾಕಾರವನ್ನು ಅನುಲೋಮವಾಗಿಯೂ ಮಾಡಬಹುದು, ವಿಲೋಮವಾಗಿಯೂ ಮಾಡಬಹುದು ಎಂದು ಆಚಾರ್ಯರು ಹೇಳುತ್ತಾರೆ. ಒಂದು ತುದಿಯಿಂದ ಹೊರಟರೂ ಆದೀತು, ಇನ್ನೊಂದರಿಂದ ಹೊರಟರೂ ಆದೀತು. ಅನುಲೋಮ, ವಿಲೋಮ ಎಂಬ ಮಾತು ಕಾವ್ಯ ಓದಿದವರಿಗೆ ಹೊಸದಲ್ಲ. ಭಾರವಿಯ 'ಕಿರಾತಾರ್ಜುನೀಯ'ದ ಹದಿನೈದನೆಯ ಸರ್ಗದಲ್ಲಿ ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದ್ಯಗಳಿವೆ. ಭಾರವಿಯ ಕೀರ್ತಿ ನಮ್ಮ ನಾಡಿಗೆ ಎಷ್ಟು ಬೇಗ ತಲುಪಿತ್ತೆಂದರೆ, ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಸಮಾನನೆಂದು ಕರೆದುಕೊಂಡಿದ್ದಾನೆ. ಕವಿರಾಜಮಾರ್ಗದ ಎರಡನೆಯ ಪರಿಚ್ಛೇದ ಶಬ್ದಾಲಂಕಾರಕ್ಕೆ, ಮೂರನೆಯದು ಅರ್ಥಾಲಂಕಾರಕ್ಕೆ ಮೀಸಲು. ಶಬ್ದವನ್ನು ಹಾಗೆ ಪೋಣಿಸಿ ನೋಡುತ್ತಿದ್ದ ಕಾಲದಲ್ಲೇ ಒಬ್ಬರು ಅಂಕಿಗಳನ್ನು ಪೋಣಿಸಿ ನೋಡಿದರು.

ಅಂಕಿಗಳ ಹಾರಕ್ಕೆ ಅಂದು ಇನ್ನೊಂದು ಅರ್ಥವೂ ಇತ್ತೆಂದು ನನಗೆ ತೋರುತ್ತದೆ. ಶ್ಲೋಕದಲ್ಲಿ ಸಂಖ್ಯೆ ಹೇಳುವಾಗ ಭೂತಸಂಖ್ಯೆ ಎಂಬ ಪದ್ಧತಿ ಇತ್ತು. ಚಂದ್ರ ಎಂದರೆ 1, ಕಣ್ಣು 2, ಅಗ್ನಿ 3, ಸಮುದ್ರ 4, ಬಾಣ 5, ಋತು 6, ಆಕಾಶ 0. ಈ ಮಾತುಗಳನ್ನು ಬಿಡಿಸ್ಥಾನದಿಂದ ಆರಂಭಿಸಿ ಹೇಳುತ್ತ ಹೋಗಬೇಕು. ಅಂಕಿ ಬರೆಯುವಾಗ ದೊಡ್ಡ ಸ್ಥಾನ ಎಡಕ್ಕೆ, ಬಾಯಲ್ಲಿ ಹೇಳುವಾಗ ಚಿಕ್ಕ ಸ್ಥಾನ ಮೊದಲು. ಕಿವಿಗೆ ಬೀಳುವ ಕ್ರಮವೂ ಕಣ್ಣಿಗೆ ಕಾಣುವ ಕ್ರಮವೂ ತಿರುಗಮುರುಗ. ಶಾಸನದ ಕಾಲ ಬಿಡಿಸುವ ವಿದ್ಯಾರ್ಥಿಗಳು ಇಂದಿಗೂ ಇಲ್ಲಿ ಎಡವುತ್ತಾರೆ. ಆದರೆ ಚಂದ್ರ, ಕಣ್ಣು, ಅಗ್ನಿ, ಸಮುದ್ರ, ಬಾಣ, ಋತು, ಬಾಣ, ಸಮುದ್ರ, ಅಗ್ನಿ, ಕಣ್ಣು, ಚಂದ್ರ ಎಂದು ಹೇಳಿ ನೋಡಿ. ಯಾವ ಕಡೆಯಿಂದ ಬರೆದರೂ ಸರಿ. ಮಾತು ಮತ್ತು ಬರಹ ಜಗಳವಿಲ್ಲದೆ ಕೂಡುವ ಸಂಖ್ಯೆ ಅದು.

ಹಾಗೆಂದು ಮಹಾವೀರರನ್ನು ತಪ್ಪೇ ಮಾಡದ ದೇವರನ್ನಾಗಿ ಮಾಡಬೇಕಿಲ್ಲ. ಸೊನ್ನೆಗಳನ್ನು ದಾರದಂತೆ ಬಳಸಿ 1000000001 ಕಟ್ಟಿದ ಅದೇ ಲೇಖನಿ, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದೂ ಬರೆಯಿತು. ಅದು ತಪ್ಪು. ಅದೇ ಲೇಖನಿ ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿತು. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನೂ ಕೊಟ್ಟಿತು. ಹೊಗಳುವುದಕ್ಕೆ ಮುಂಚೆ ಓದಬೇಕು. ಓದಿದರೆ ಎರಡೂ ಕಾಣುತ್ತವೆ.

ಓದಿದವರು ಯಾರು? ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಕನ್ನಡದಲ್ಲಿ ಗಣಿತ ಹೇಳಲು ಆಗುವುದಿಲ್ಲ ಎನ್ನುವವರಿಗೆ ಅವನೊಬ್ಬನೇ ಸಾಕು. ಆಮೇಲೆ ದೀರ್ಘ ಮೌನ. 1908ರಲ್ಲಿ ರೋಮ್ ನಗರದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಅಮೆರಿಕದ ಡೇವಿಡ್ ಯೂಜಿನ್ ಸ್ಮಿತ್ ಗಣಿತಸಾರಸಂಗ್ರಹದ ಬಗ್ಗೆ ಪ್ರಬಂಧ ಮಂಡಿಸಿದರು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಅವರಿಗೆ ಸಿಕ್ಕ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಅಂದರೆ ಸಾವಿರ ವರ್ಷ ಈ ಹಾರವನ್ನು ಕಾಪಾಡಿದವರಲ್ಲಿ ಕನ್ನಡದ ಲಿಪಿಕಾರರೂ ಸೇರಿದ್ದರು.

ಇಲ್ಲಿ ಒಂದು ಹೋಲಿಕೆ ಮನಸ್ಸಿಗೆ ಚುಚ್ಚುತ್ತದೆ. ಕೆ. ಬಿ. ಪಾಠಕರು ಕವಿರಾಜಮಾರ್ಗವನ್ನು ಅಚ್ಚಿಗೆ ತಂದದ್ದು 1898ರಲ್ಲಿ. ಗಣಿತಸಾರಸಂಗ್ರಹಕ್ಕಿಂತ ಹದಿನಾಲ್ಕೇ ವರ್ಷ ಮುಂಚೆ. ಎರಡೂ ಒಂದೇ ಅರಸನ ಕಾಲದವು, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮತ್ತೆ ಬೆಳಕು ಕಂಡವು. ಕವಿರಾಜಮಾರ್ಗ ಕನ್ನಡದ ಆತ್ಮಗೌರವದ ಪುಸ್ತಕವಾಯಿತು. ಗಣಿತಸಾರಸಂಗ್ರಹದ ಮೂಲಕ್ಕೆ ಕನ್ನಡ ಅನುವಾದವನ್ನೂ ಕೂಡಿಸಿ ಪದ್ಮಾವತಮ್ಮನವರು ಸಿದ್ಧಪಡಿಸಿದ ಆವೃತ್ತಿ ಹೊಂಬುಜದಿಂದ ಬಂದದ್ದು 2000ದಲ್ಲಿ. ಅಷ್ಟರಲ್ಲಿ ಒಂದು ಶತಮಾನ ಕಳೆದಿತ್ತು. ಸಂಸ್ಕೃತದಲ್ಲಿದೆ ಎಂಬುದು ಒಂದು ಕಾರಣವಿರಬಹುದು. ಅದಕ್ಕಿಂತ ದೊಡ್ಡ ಕಾರಣ, ಸಾಹಿತ್ಯವೆಂದರೆ ನಮ್ಮದು, ಲೆಕ್ಕವೆಂದರೆ ಎಲ್ಲಿಂದಲೋ ಬಂದದ್ದು ಎಂದು ನಾವು ಗೊತ್ತಿಲ್ಲದೆಯೇ ಮಾಡಿಕೊಂಡ ಪಾಲು. ಆ ಪಾಲು ನೃಪತುಂಗನ ಕಾಲದಲ್ಲಿರಲಿಲ್ಲ.

ಮತ್ತೆ ಅಂಗಡಿಗೆ ಬರೋಣ. ಹುಡುಗನಿಗೆ ನಾನು ಮಹಾವೀರರದೇ ಇನ್ನೊಂದು ಲೆಕ್ಕ ಕೊಟ್ಟೆ. 333333666667 × 33. ಹನ್ನೆರಡು ಅಂಕಿಯ ಕ್ಯಾಲ್ಕುಲೇಟರ್ ಗುಣ್ಯವನ್ನೇನೋ ನುಂಗಿತು, 33ರಿಂದ ಗುಣಿಸಿದ ಕೂಡಲೇ ಇಂಗ್ಲಿಷಿನ 'ಇ' ಅಕ್ಷರ ತೋರಿಸಿ ಕೂತಿತು.

"ಕೆಟ್ಟೋತೇನ್ರಿ?" ಎಂದು ಹುಡುಗ ಗಾಬರಿಯಾಗಿ ಅಂಗಡಿಯವರ ಮುಖ ನೋಡಿದ.

"ಕೆಟ್ಟಿಲ್ಲ. ಜಾಗಾ ಸಾಲವಲ್ದು. ಕೈಲೆ ಮಾಡು," ಎಂದೆ. "33 ಅಂದ್ರ ಮೂರು ಹನ್ನೊಂದಲೆ. ಮೊದಲ ಮೂರರಿಂದ ಗುಣಸು."

ಹಳೆಯ ಚೀಟಿಯ ಬೆನ್ನಮೇಲೆ ಅವನು ಬರೆಯತೊಡಗಿದ. ಮೂರರಿಂದ ಗುಣಿಸಿದಾಗ 1000001000001 ಬಂತು. ಅದನ್ನೇ ಒಂದು ಮನೆ ಎಡಕ್ಕೆ ಸರಿಸಿ ಕೆಳಗೆ ಬರೆದು ಕೂಡಿದ. 11000011000011. ಬೆರಳಿಟ್ಟು ಎಡದಿಂದ ಓದಿದ. ಆಮೇಲೆ ಬಲದಿಂದ ಓದಿದ. ಹೊರಗೆ ಪಾಳಿ ಬಿಟ್ಟ ಜನ ಬರತೊಡಗಿದ್ದರು.

"ಇದನ್ನ ಮಾಡಿದಾವ್ರ ಹೆಸರೇನಂದ್ರಿ?"

"ಮಹಾವೀರಾಚಾರ್ಯ. ನೃಪತುಂಗ ರಾಜನ ಕಾಲದಾವ್ರು."

"ನೃಪತುಂಗ ಗೊತ್ತೈತ್ರಿ. ಕನ್ನಡ ಪಾಠದಾಗ ಬಂದಾನ," ಎಂದ ಹುಡುಗ. ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಒಂದು ಕ್ಷಣ ಯೋಚಿಸಿ, "ಗಣಿತದಾಗ ಬಂದಿಲ್ರಿ," ಎಂದ.